ಮುಂದಿನ ವರ್ಷ ಹೋಗುವವರ ಕಾರು

ನಮ್ಮ ಮನೆಯ ಯಾವ ಸಾಮಾನನ್ನೂ ಮೊದಲು ಮುಟ್ಟಿದವರು ನಾವಲ್ಲ. ಫ್ರಿಜ್ಜಿನ ಬಾಗಿಲಿಗೆ ಯಾರದೋ ಮಗು ಅಂಟಿಸಿದ್ದ ಆನೆಯ ಸ್ಟಿಕ್ಕರನ್ನು ಇನ್ಯಾರೋ ಕೆರೆದು ತೆಗೆಯಲು ಹೋಗಿ ಸೊಂಡಿಲೊಂದನ್ನು ಉಳಿಸಿದ್ದರು. ವಾಷಿಂಗ್ ಮಷೀನಿನ ಮುಚ್ಚಳದ ಮೇಲೆ ತಮಿಳಿನಲ್ಲಿ ಏನೋ ಬರೆದಿತ್ತು. ಅದು ಬಳಸುವ ಕ್ರಮವೋ ಶಾಪವೋ ನಮಗೆ ಕೊನೆಗೂ ತಿಳಿಯಲಿಲ್ಲ. ಊಟದ ಮೇಜಿನ ಸುತ್ತ ಇದ್ದ ಕುರ್ಚಿಗಳು ಒಂದಕ್ಕೊಂದು ನೆಂಟರಲ್ಲ. ಪರದೆಗಳಂತೂ ಬೇರೆ ಯಾವುದೋ ಮನೆಯ ಕಿಟಕಿಯ ಅಳತೆಗೆ ಹೊಲಿಸಿದವು; ನಮ್ಮ ಕಿಟಕಿಗೆ ಮೊಳದುದ್ದ ಗಿಡ್ಡ. ಕೆಳಗಿನ ಆ ಸಂದಿಯಿಂದ ಬೆಳಗಿನ ಬಿಸಿಲು ನೇರ ನನ್ನ ಮುಖಕ್ಕೆ ಹೊಡೆಯುತ್ತಿತ್ತು. ಭೂಕಂಪವಾದ ಮೇಲೆ ಜಪಾನಿನಲ್ಲಿದ್ದ ನಮ್ಮವರು ಸಂಸಾರ ಸಂಸಾರವೇ ಊರಿಗೆ ಹೊರಟರು. ಹೊರಡುವವರು ಬಿಟ್ಟುಹೋದದ್ದರಲ್ಲೇ ನಮ್ಮ ಮನೆ ಕೂಡಿಕೊಂಡಿತು. ಎಲ್ಲರೂ ಹೊರಗೆ ಹೋಗುತ್ತಿದ್ದ ಬಾಗಿಲಲ್ಲಿ ನಾವು ಒಳಗೆ ಬಂದೆವು, ಯಾಕೆಂದರೆ ಬೆಂಗಳೂರಿನ ಆಫೀಸಿನಲ್ಲಿ ಇನ್ಯಾರೂ ಒಪ್ಪದ ಪೋಸ್ಟಿಂಗಿಗೆ ನಮ್ಮಪ್ಪ ತಲೆಯಾಡಿಸಿದ್ದ.

ಮನೆ ಇದ್ದದ್ದು ಟೋಕಿಯೋ ಹೊರವಲಯದ ಕಾಶಿವಾದಲ್ಲಿ, ಮೂರನೇ ಮಹಡಿ, ಲಿಫ್ಟ್ ಇಲ್ಲ. ನೆಲಕ್ಕೆಲ್ಲ ಚಾಪೆ ಹಾಸಿದ ಎರಡು ಕೋಣೆ, ಒಂದು ಅಡುಗೆಮನೆ. ಹಾಸಿಗೆ ಮಡಚಿಡುವ ಗೋಡೆಬೀರುವಿನ ಮೇಲಿನ ಅಂಕಣದಲ್ಲಿ ದೇವರಿದ್ದ. ಅಮ್ಮ ಬೆಳಿಗ್ಗೆ ಬೀರುವಿನ ಬಾಗಿಲು ಸರಿಸಿ ದೀಪ ತೋರಿಸಿ ಮತ್ತೆ ಸರಿಸಿಬಿಡುತ್ತಿದ್ದಳು. ಒಲೆಯ ಹೊಟ್ಟೆಯೊಳಗೆ ಮೀನು ಸುಡುವ ಖಾನೆಯೊಂದಿರುತ್ತದಲ್ಲ, ಅದನ್ನು ಬಂದ ದಿನವೇ ಅಮ್ಮ ಸೀಗೆಪುಡಿ ಹಾಕಿ ತಿಕ್ಕಿ, ಮಂತ್ರ ಹೇಳಿ, ಹಪ್ಪಳ ಸುಡುವುದಕ್ಕೆ ಇಟ್ಟುಕೊಂಡಳು. ಇಷ್ಟೆಲ್ಲ ಹೊಂದಿಸಿಕೊಳ್ಳುವವಳಿಗೆ ಒಂದು ಪರದೆ ಹೊಲಿಸುವುದು ದೊಡ್ಡ ಮಾತಾಗಿರಲಿಲ್ಲ. ಆದರೆ ನಮ್ಮ ಮನೆಯಲ್ಲಿ ಯಾವ ಆಸೆಯನ್ನು ಎತ್ತಿದರೂ ಅಪ್ಪನ ಹತ್ತಿರ ಅದಕ್ಕೆ ಒಂದೇ ಮದ್ದು.

“ಈಗ್ಯಾಕೆ ಉಷಾ? ಮುಂದಿನ ವರ್ಷ ಹೋಗ್ತೀವಲ್ಲ.”

ಪುಸ್ತಕದ ಕಪಾಟು ಬೇಕೆಂದರೆ ಮುಂದಿನ ವರ್ಷ ಹೋಗ್ತೀವಲ್ಲ. ನನ್ನ ತಂಗಿ ಪುಟ್ಟಿಗೆ ಕೋಟು ಗಿಡ್ಡವಾಯಿತೆಂದರೆ ಮುಂದಿನ ವರ್ಷ ಹೋಗ್ತೀವಲ್ಲ, ಮೈಸೂರಲ್ಲಿ ಕೋಟು ಯಾಕೆ? ಊರಿಂದ ತಂದ ರಟ್ಟಿನ ಪೆಟ್ಟಿಗೆಗಳಲ್ಲಿ ಅರ್ಧವನ್ನು ಬಿಚ್ಚಿರಲೇ ಇಲ್ಲ. ಅವುಗಳ ಮೇಲೆ ಬಟ್ಟೆ ಹೊದಿಸಿ ಟೀವಿ ಇಟ್ಟಿದ್ದೆವು. ಕಂಪನಿ ಅಪ್ಪನನ್ನು ವರ್ಷದ ಲೆಕ್ಕದಲ್ಲೇ ಮುಂದುವರಿಸುತ್ತಿತ್ತು, ನಿಜ. ಪಾಪ, ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಆದರೆ ವರ್ಷ ತಿರುಗಿದರೂ ಹೋಗುವುದಿಲ್ಲ, ಹೋಗುವುದಿಲ್ಲವೆಂದು ಕೂರುವುದೂ ಇಲ್ಲ. ಪ್ಲಾಟ್‌ಫಾರಂ ಮೇಲೆ ಪೆಟ್ಟಿಗೆ ಹಾಕಿಕೊಂಡು ಅದರ ಮೇಲೆಯೇ ಬಾಲ್ಯ ಕಳೆಯುವುದೆಂದರೆ ಎಂಥ ರೇಜಿಗೆಯೆಂದು ಅನುಭವಿಸಿದವರಿಗೇ ಗೊತ್ತು.

ಕಾರು ಬಂದದ್ದೂ ಹೀಗೆ ಹೊರಟವರಿಂದಲೇ. ಅಪ್ಪನ ಆಫೀಸಿನವರು, ಮೈಸೂರಿನ ಕಡೆಯವರೇ. ಹಳದಿ ನಂಬರ್ ಪ್ಲೇಟಿನ ಪುಟ್ಟ ಕಾರು. ಜಪಾನಿನಲ್ಲಿ ಚಿಕ್ಕ ಎಂಜಿನ್ನಿನ ಕಾರುಗಳಿಗೆ ಹಳದಿ ಪ್ಲೇಟು. ತೆರಿಗೆ ಕಡಿಮೆ, ಗೌರವವೂ ಕಡಿಮೆ. ಆಗಲೇ ಅದಕ್ಕೆ ನನ್ನ ವಯಸ್ಸಿಗಿಂತ ಹೆಚ್ಚು ವಯಸ್ಸಾಗಿತ್ತು. ಬಣ್ಣ ನೆನೆಸಿದ ಹೆಸರುಬೇಳೆಯದು. ಅಮ್ಮ ನೋಡಿದ ಕೂಡಲೇ ಹಾಗೆಂದಳು, ಅದೇ ಹೆಸರು ನಿಂತಿತು. ಆ ಮನೆಯಾಕೆ ಕಾರಿನ ಬೀಗದಕೈ ಕೈಗಿಡುವಾಗ ಕಣ್ಣೊರೆಸಿಕೊಳ್ಳುತ್ತಿದ್ದರು. ಅಳುವವರ ಹತ್ತಿರ ಚೌಕಾಸಿ ಮಾಡಬಾರದು ಎಂಬ ಸಾಮಾನ್ಯ ಜ್ಞಾನ ನಮ್ಮಮ್ಮನಿಗೆ ಇರಲಿಲ್ಲ.

“ಅಕ್ಕಾ, ಕಾರಿನ ಜೊತೆ ಆ ಇಡ್ಲಿ ಸ್ಟ್ಯಾಂಡೂ ಇರ್ಲಿ ಬಿಡಿ. ಪ್ಲೇನಲ್ಲಿ ಹೊತ್ಕೊಂಡ್ ಹೋಗ್ತೀರಾ?”

“ಅಯ್ಯೋ, ಅದು ನಮ್ಮತ್ತೆ ಕೊಟ್ಟಿದ್ದು ಕಣ್ರೀ.”

“ಹೌದಾ? ಅತ್ತೆ ಕೊಟ್ಟಿದ್ದು ಬೇಡ ಬಿಡಿ, ಬೇಜಾರಾಗುತ್ತೆ. ಕುಕ್ಕರ್ ಕೊಡಿ ಹಾಗಾದ್ರೆ.”

ಕುಕ್ಕರ್ ಬಂತು. ಅಮ್ಮನಿಗೆ ಮೊದಲಿನಿಂದಲೂ ಬೇಕಾಗಿದ್ದದ್ದು ಕುಕ್ಕರೇ. ಸಿಗುವುದಿಲ್ಲವೆಂದು ಗೊತ್ತಿದ್ದದ್ದನ್ನು ಮೊದಲು ಕೇಳುವುದು ಅವಳ ವಿದ್ಯೆ. ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ಅವಳ ಅಜ್ಜಿ ಕಲಿಸಿದ್ದಂತೆ. ಅದೇ ಅಮ್ಮ ಮಾರನೆಯ ದಿನ ಅವರು ಏರ್‌ಪೋರ್ಟಿಗೆ ಹೊರಡುವ ಹೊತ್ತಿಗೆ ದೊಡ್ಡ ಡಬ್ಬಿಯ ತುಂಬ ಚಿತ್ರಾನ್ನ, ಮೇಲೆ ಕರಿದ ಸಂಡಿಗೆ ಕಟ್ಟಿಕೊಂಡು ಹೋಗಿ ಆಕೆಯನ್ನು ಅಪ್ಪಿಕೊಂಡು ತಾನೂ ಅತ್ತಳು. ಡಬ್ಬಿಯನ್ನು ವಾಪಸ್ಸು ಇಸಿದುಕೊಂಡೇ ಬಂದಳು.

ಆ ಕಾಲಕ್ಕೆ ಭೂಮಿ ಇನ್ನೂ ಆಗಾಗ ನಡುಗುತ್ತಿತ್ತು. ಪಾತ್ರೆಗಳು ಗಲಗಲ ಎಂದರೆ ಅಮ್ಮ ಒಲೆ ಆರಿಸಿ, ನಮ್ಮಿಬ್ಬರನ್ನೂ ಎಳೆದುಕೊಂಡು ಮೆಟ್ಟಿಲಿಳಿದು, ಈರುಳ್ಳಿ ಹೊಲದ ಪಕ್ಕದ ಜಲ್ಲಿ ಹಾಸಿದ ಬಾಡಿಗೆ ಪಾರ್ಕಿಂಗಿಗೆ ಓಡುತ್ತಿದ್ದಳು. ಹೆಸರುಬೇಳೆಯ ಬಾಗಿಲು ತೆಗೆದು ಒಳಗೆ ಕೂರಿಸುತ್ತಿದ್ದಳು. ನೆಲದ ನಡುಕ ನಿಂತ ಮೇಲೂ ಕಾರು ಸ್ವಲ್ಪ ಹೊತ್ತು ತೂಗುತ್ತಿತ್ತು. ಡಿಕ್ಕಿಯಲ್ಲಿ ನೀರಿನ ಬಾಟಲಿ, ಹೊದಿಕೆ, ಒಗ್ಗರಣೆ ಅವಲಕ್ಕಿಯ ಡಬ್ಬ ಸದಾ ಇರುತ್ತಿದ್ದವು. ನಡುಕ ನಿಂತರೂ ಅವಲಕ್ಕಿ ಮುಗಿಯುವ ತನಕ ನಾವು ಏಳುತ್ತಿರಲಿಲ್ಲ. ಭೂಕಂಪವೆಂದರೆ ಎಲ್ಲ ಮಕ್ಕಳಿಗೂ ಭಯ. ಪುಟ್ಟಿಗೆ ಮಾತ್ರ ಬಾಯಲ್ಲಿ ನೀರು. “ಅಮ್ಮಾ, ಮತ್ತೆ ಅಲ್ಲಾಡಲ್ವಾ?” ಎಂದು ಜಪಾನೀಸಿನಲ್ಲಿ ಕೇಳುತ್ತಿದ್ದಳು. ಒಂದು ಸಣ್ಣ ಮಾತು ಹೇಳುತ್ತೇನೆ: ಹಳೇ ಕಾರಿರಲಿ ಹೊಸದಿರಲಿ, ಡಿಕ್ಕಿಯಲ್ಲಿ ನೀರು, ತಿಂಡಿ, ಒಂದು ಹೊದಿಕೆ ಇಟ್ಟಿರಿ. ಬೇಕಾದಾಗ ಅಂಗಡಿಯವನೂ ನಿಮ್ಮ ಹಾಗೇ ರಸ್ತೆಯಲ್ಲಿ ನಿಂತಿರುತ್ತಾನೆ.

ಅಮ್ಮನಿಗೆ ಜಪಾನಿನ ಲೈಸೆನ್ಸ್ ಸಿಕ್ಕಿದ್ದು ಎಷ್ಟನೆಯ ಪರೀಕ್ಷೆಯಲ್ಲಿ ಎಂದು ನಮ್ಮ ಮನೆಯಲ್ಲಿ ಇವತ್ತಿಗೂ ಯಾರೂ ಕೇಳುವಂತಿಲ್ಲ. ಸಿಕ್ಕಿದ ಮೇಲೆ ಅವಳು ಬೇರೆ ಹೆಂಗಸಾದಳು. ಅಪ್ಪ ರೈಲು ಹತ್ತಿ ಟೋಕಿಯೋಗೆ ಹೋದ ಮೇಲೆ ಮೂರನೇ ಮಹಡಿಯ ಬಾಲ್ಕನಿಯಲ್ಲಿ ಒಣಗಿದ ಬಟ್ಟೆಯನ್ನೇ ಮತ್ತೆ ಕೊಡವಿ ಮತ್ತೆ ಹಾಕುತ್ತಿದ್ದವಳು, ಈಗ ಹೊರಡುವವರ ಮನೆಯಿಂದ ಬರುವವರ ಮನೆಗೆ ಸಾಮಾನು ಸಾಗಿಸುವ ಏಜೆಂಟಾದಳು. ವಾಕೋ ಎಂಬ ಊರಿನ ಸಂಶೋಧನಾ ಸಂಸ್ಥೆಗೆ ಯಾರೋ ದಾವಣಗೆರೆಯವರು ಬರುತ್ತಿದ್ದಾರಂತೆ, ಕೈಗೂಸಿದೆಯಂತೆ. ಇಲ್ಲಿ ಇನ್ಯಾರೋ ಹೊರಡುತ್ತಿದ್ದಾರೆ, ತೊಟ್ಟಿಲಿದೆ. ಹೆಸರುಬೇಳೆಯ ಹಿಂದಿನ ಸೀಟು ಮಡಚಿ ತೊಟ್ಟಿಲು, ಮಿಕ್ಸಿ, ಮಕ್ಕಳ ಸೈಕಲ್ಲು, ಫ್ಯಾನು ತುಂಬಿಕೊಂಡು ಅಮ್ಮ ಸಂಚಾರ ಹೊರಡುತ್ತಿದ್ದಳು. ದಾರಿಯಲ್ಲಿ ಜಪಾನೀಸನ್ನು ಕನ್ನಡಕ್ಕೆ ತಿರುಗಿಸಿ ಹೇಳುವುದಕ್ಕೆ ಪಕ್ಕದಲ್ಲಿ ನಾನು. ಸಿಗುತ್ತಿದ್ದದ್ದು ತೊಗರಿಬೇಳೆ, ಉಪ್ಪಿನಕಾಯಿ, ಅಷ್ಟಿಷ್ಟು ಪೆಟ್ರೋಲು. ಆದರೆ ಅವಳು ಅದಕ್ಕಾಗಿ ಹೋಗುತ್ತಿರಲಿಲ್ಲ. ಬಂದಿಳಿದವರು ಮೊದಲು “ಉಷಕ್ಕನಿಗೆ ಫೋನ್ ಮಾಡಿ” ಅನ್ನುವಂತಾಗಿತ್ತಲ್ಲ, ಅದಕ್ಕೆ. ಕಾರು ಹೋದರೆ ಉಷಕ್ಕ ಮತ್ತೆ ಬಾಲ್ಕನಿಯ ಬಟ್ಟೆಗೆ. ಇದು ಹನ್ನೊಂದು ಹನ್ನೆರಡು ವಯಸ್ಸಿನ ನನಗೆ ಗೊತ್ತಿತ್ತು. ನಮ್ಮಪ್ಪನಿಗೆ ಗೊತ್ತಿತ್ತೋ ಇಲ್ಲವೋ ದೇವರಿಗೇ ಗೊತ್ತು.

ಹೀಗೆ ದುಡಿಯುವ ಕಾರಿಗೆ ಅಮ್ಮ ಒಂದೊಂದಾಗಿ ಒಡವೆ ಮಾಡಿಸತೊಡಗಿದಳು. ಮೈಸೂರಿನ ದಪ್ಪ ಹೊದಿಕೆ ಕತ್ತರಿಸಿ ಸೀಟಿಗೆ ಗವಸು. ಗುಜರಿಗೆ ಹೋಗುವ ಯಾವುದೋ ಕಾರಿನಿಂದ ಬಿಚ್ಚಿಸಿದ, ಫೋನಿನ ಹಾಡು ಹಾಕಬಹುದಾದ ಸ್ಟೀರಿಯೋ. ಹಿಂದೆ ನೋಡುವ ಕ್ಯಾಮೆರಾ, ಅದಕ್ಕೊಂದು ಬೆಂಕಿಪೊಟ್ಟಣದಷ್ಟು ಪರದೆ. ಇವನ್ನೆಲ್ಲ ನಾವಿಬ್ಬರೇ ಪಾರ್ಕಿಂಗಿನಲ್ಲಿ ಕೂತು, ವೀಡಿಯೊ ನೋಡುತ್ತ, ಬೈದಾಡುತ್ತ ಜೋಡಿಸಿದೆವು. ಒಂದು ತಂತಿ ತಪ್ಪಾಗಿ, ಬ್ರೇಕ್ ಒತ್ತಿದಾಗಲೆಲ್ಲ ಹಾಡು ನಿಲ್ಲುತ್ತಿತ್ತು. ಕಾರು ಮಾರುವುದು ಕೊಳ್ಳುವುದೇ ಇವತ್ತು ನನ್ನ ಅನ್ನವಾಗಿರುವುದರಿಂದ ಹೇಳುತ್ತೇನೆ ಕೇಳಿ: ಹಳೇ ಕಾರಿಗೆ ಹೊಳಪಿನ ಖರ್ಚು ಮಾಡಬೇಡಿ, ಕಣ್ಣು ಮತ್ತು ಕಾಲಿಗೆ ಮಾಡಿ. ಅಂದರೆ ದೀಪ, ವೈಪರು, ಕ್ಯಾಮೆರಾ, ಟೈರು, ಬ್ರೇಕು. ಕೊಳ್ಳುವಾಗ ಮೀಟರು ನೋಡುವ ಮೊದಲು ಡ್ರೈವರ್ ಸೀಟಿನ ಬಾಗಿಲ ಕಡೆಯ ಅಂಚು ನೋಡಿ. ಎಷ್ಟು ಜನ ಎಷ್ಟು ಸಲ ಹತ್ತಿಳಿದರೆಂದು ಅದು ಹೇಳುತ್ತದೆ. ಈ ಜ್ಞಾನವೆಲ್ಲ ನನಗೆ ಬಂದದ್ದು ಆ ಜಲ್ಲಿಯ ಮೇಲೆ ಮಂಡಿಯೂರಿ.

ಅಪ್ಪ ಭಾನುವಾರ ಬೆಳಿಗ್ಗೆ ಕಾಫಿ ಲೋಟ ಹಿಡಿದು ಕೆಳಗಿಳಿದು ಬರುತ್ತಿದ್ದ, ನೋಡುತ್ತಿದ್ದ, ತಡೆಯಲಾರದೆ ಹೇಳುತ್ತಿದ್ದ.

“ಮುದಿ ಕುದುರೆಗೆ ಹೊಸ ಲಗಾಮು.”

“ಕುದುರೆ ಹತ್ತಿ ಬರೋಲ್ವಾ ನೀವು ಸ್ಟೇಷನ್‌ಗೆ, ಮಳೆ ಬಂದಾಗ?”

“ಅದಲ್ಲ ಉಷಾ. ಮುಂದಿನ ವರ್ಷ ಹೋಗೋರು ಕ್ಯಾಮೆರಾ ಹಾಕಿಸ್ತಾರಾ?”

“ಹೋದ ವರ್ಷಾನೂ ಮುಂದಿನ ವರ್ಷವೇ ಇತ್ತು ರೀ. ವಾಣಿ, ಆ ಟೇಪ್ ಕೊಡೇ ಇಲ್ಲಿ.”

ವಾಣಿ ನಾನು. ಟೇಪು ಕೊಟ್ಟೆ. ಇಬ್ಬರ ನಡುವೆ ಸ್ಕ್ರೂಡ್ರೈವರ್ ಹಿಡಿದು ನಿಲ್ಲುವುದೇ ನನ್ನ ಭಾನುವಾರವಾಗಿತ್ತು.

ಅಷ್ಟರಲ್ಲಿ ಶಾಕೆನ್ ಬಂತು. ಈ ದೇಶದಲ್ಲಿ ಎರಡು ವರ್ಷಕ್ಕೊಮ್ಮೆ ಪ್ರತಿ ಕಾರನ್ನೂ ಮೈ ಕೈ ತಟ್ಟಿ ಪರೀಕ್ಷೆ ಮಾಡಿಸಲೇಬೇಕು, ಅದೇ ಶಾಕೆನ್. ಪಾಸಾದರೆ ಮುಂದಿನ ಗಾಜಿಗೆ ಎಲ್ಲಿಯವರೆಗೆ ಓಡಬಹುದೆಂದು ಬರೆದ ಪುಟ್ಟ ಸ್ಟಿಕ್ಕರು. ಹಳೇ ಕಾರಾದರೆ ಆ ರಿಪೇರಿ ಈ ರಿಪೇರಿ ಸೇರಿ ಒಮ್ಮೊಮ್ಮೆ ಕಾರಿನ ಬೆಲೆಯನ್ನೇ ಮೀರಿಸುತ್ತದೆ. ಅದಕ್ಕೇ ಎಷ್ಟೋ ಜನ ಶಾಕೆನ್ ಹೊತ್ತಿಗೆ ಕಾರನ್ನು ಗುಜರಿಗೆ ಕಳಿಸಿಬಿಡುತ್ತಾರೆ. ಅಪ್ಪನಿಗೆ ಇದು ದೇವರೇ ಕೊಟ್ಟ ಅವಕಾಶ.

“ನೋಡು, ನಾನು ಬೇಡ ಅಂತಿಲ್ಲ. ಕಡಿಮೆಯಲ್ಲಿ ಆಯ್ತಾ, ಮಾಡ್ಸು. ಇಲ್ವಾ, ಗುಜರಿಯವನು ಫ್ರೀಯಾಗಿ ಬಂದು ಎತ್ಕೊಂಡ್ ಹೋಗ್ತಾನೆ. ಮುಗೀತು.”

“ಕಡಿಮೆ ಮಾಡ್ಸೋದು ನನಗೆ ಬಿಡಿ,” ಅಂದಳು ಅಮ್ಮ. ಆ ಧೈರ್ಯವೇ ನಮ್ಮನ್ನು ಮುಳುಗಿಸಿದ್ದು.

ಊರಂಚಿನಲ್ಲಿ ನಕಾಯಾಮಾ-ಸಾನ್ ಎಂಬವರ ಗ್ಯಾರೇಜು; ಸಾನ್ ಅಂದರೆ ನಮ್ಮ ‘ಅವರು’. ತಗಡಿನ ಶೆಡ್ಡು, ಮುಂದೆ ಕುಂಡಗಳಲ್ಲಿ ಸೇವಂತಿಗೆ, ಒಳಗೆ ಗ್ರಾಹಕರಿಗೆಂದು ಎರಡು ಕುರ್ಚಿ. ಅವರು ಕಾರನ್ನು ಎತ್ತಿ, ಕೆಳಗೆ ಹೋಗಿ, ತಟ್ಟಿ, ಬೇಕಾದದ್ದನ್ನೆಲ್ಲ ಬರೆದ ಅಂದಾಜು ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ಅಮ್ಮನ ಮುಂದಿಟ್ಟರು. ಅಮ್ಮ ನೋಡಿದಳು. ನಕ್ಕಳು. ಅರ್ಧಕ್ಕೆ ಕೇಳು ಅಂದಳು ನನಗೆ. ನಾನು ಸಾಯುವಷ್ಟು ನಾಚಿಕೆಯಿಂದ, ಸುಮಿಮಾಸೆನ್, ಅಂದರೆ ಕ್ಷಮಿಸಿ, ಎಂದು ಹೇಳಿ, ಸ್ವಲ್ಪ ಮೆತ್ತಗೆ ಮಾಡಿ ಕೇಳಿದೆ. ನಕಾಯಾಮಾ-ಸಾನ್ ತಲೆ ಒಂದು ಕಡೆ ವಾಲಿಸಿ ಹಲ್ಲಿನ ಸಂದಿಯಿಂದ ಗಾಳಿ ಎಳೆದುಕೊಂಡು “ಸ್ವಲ್ಪ…” ಎಂದು ನಿಲ್ಲಿಸಿದರು. ಜಪಾನೀಸಿನಲ್ಲಿ ಹಾಗೆ ಸ್ವಲ್ಪ ಎಂದು ಎಳೆದು ನಿಲ್ಲಿಸಿದರೆ ಸುತರಾಂ ಆಗುವುದಿಲ್ಲವೆಂದು ಅರ್ಥ. ಅಮ್ಮನಿಗೆ ಅದು ಗಿರಾಕಿಗೆ ಬಗ್ಗುತ್ತಿರುವ ಅಂಗಡಿಯವನ ಹಾಗೆ ಕಂಡಿತು.

“ದಾರಿಗೆ ಬಂದ. ಏಳು.”

“ಅಮ್ಮಾ, ಆಗಲ್ಲ ಅಂದ್ರು ಅವರು.”

“ಆಗಲ್ಲ ಅಂದಿದ್ರೆ ಮುಖ ಸಿಂಡರಿಸ್ತಿದ್ದ. ನೋಡು ಎಷ್ಟು ವಿಚಾರ ಮಾಡ್ತಿದಾನೆ. ನಾವು ಎದ್ದು ಹೋಗ್ಬೇಕು. ಆಗ ಕರೀತಾನೆ. ಏಳೇ!”

ಎದ್ದೆವು. ಅಮ್ಮ ಬ್ಯಾಗನ್ನು ಭುಜಕ್ಕೆ ಏರಿಸಿ, ಕುಂಡದ ಸೇವಂತಿಗೆ ನೋಡುವ ನೆಪದಲ್ಲಿ ಒಂದು ಗಳಿಗೆ ತಡೆದು, ಕಾರು ಹತ್ತಿದಳು. ನಕಾಯಾಮಾ-ಸಾನ್ ಹಿಂದೆಯೇ ಓಡಿ ಬಂದರು. ಅಮ್ಮನ ತುಟಿಯಲ್ಲಿ ಗೆದ್ದ ನಗೆ. ಅವರು ಓಡಿ ಬಂದದ್ದು ಕರೆಯುವುದಕ್ಕಲ್ಲ. ರಸ್ತೆಗಿಳಿದು, ಬರುವ ವಾಹನಗಳಿಗೆ ಕೈ ಅಡ್ಡ ಹಿಡಿದು, ನಮ್ಮನ್ನು ಕ್ಷೇಮವಾಗಿ ರಸ್ತೆಗೆ ಬಿಟ್ಟು, ಆಮೇಲೆ ಸೊಂಟದಿಂದ ಬಗ್ಗಿ ನಿಂತರು. ಗ್ರಾಹಕರು ಕಣ್ಮರೆಯಾಗುವ ತನಕ ಹಾಗೆ ಬಗ್ಗಿ ನಿಲ್ಲುವುದು ಇಲ್ಲಿನ ಮರ್ಯಾದೆ. ಅಮ್ಮ ಕನ್ನಡಿಯಲ್ಲಿ ನೋಡಿ ಆಕ್ಸಿಲರೇಟರಿನಿಂದ ಕಾಲು ತೆಗೆದಳು.

“ನೋಡೇ, ಇನ್ನೂ ಬಗ್ಗೇ ಇದಾನೆ. ಸ್ಲೋ ಮಾಡ್ತೀನಿ ತಡಿ, ಪಾಪ, ಓಡಿ ಬರ್ಲಿ.”

ಹಿಂದಿನ ಲಾರಿಯವನು ತಾಳ್ಮೆಯಿಂದ ನಮ್ಮ ಹಿಂದೆ ತೆವಳಿದ. ಯಾರೂ ಓಡಿ ಬರಲಿಲ್ಲ.

ಅಲ್ಲಿಂದ ಶುರುವಾಯಿತು ಕಾಯುವ ಕೆಲಸ. ನಕಾಯಾಮಾ-ಸಾನ್ ಹತ್ತಿರ ನಮ್ಮ ನಂಬರಿದೆ, ಫೋನ್ ಮಾಡುತ್ತಾನೆ. ಮಾಡದಿದ್ದರೆ ಹಠಮಾರಿ, ಇನ್ನೆರಡು ದಿನ ನೋಡುತ್ತಾನೆ. ಅಮ್ಮ ಹುಳಿಗೆ ಒಗ್ಗರಣೆ ಹಾಕುವಾಗಲೂ ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು. ನಾನೇ ಮಾಡಲಾ ಎಂದರೆ ಕಣ್ಣು ಬಿಟ್ಟಳು. “ಯಾರು ಮೊದ್ಲು ಫೋನ್ ಮಾಡ್ತಾರೋ ಅವರು ಸೋತ ಹಾಗೆ. ಅಷ್ಟೂ ಗೊತ್ತಾಗಲ್ವಾ?” ಆ ಮನುಷ್ಯನ ಮೇಲೆ ಅವಳಿಗೆ ಒಂಥರಾ ಗೌರವವೂ ಹುಟ್ಟಿತ್ತು; ಇಂಥ ಗಟ್ಟಿ ಅಂಗಡಿಯವನನ್ನು ದೇವರಾಜ ಮಾರುಕಟ್ಟೆಯಲ್ಲೂ ಕಂಡಿರಲಿಲ್ಲವಂತೆ. ಅತ್ತ ನಕಾಯಾಮಾ-ಸಾನ್ ಪಾಲಿಗೆ ವಿಷಯ ಆ ಬಗ್ಗುವಿಕೆಯೊಂದಿಗೇ ಮುಗಿದಿತ್ತು. ಈ ಅಮ್ಮನವರಿಗೆ ನಮ್ಮ ಗ್ಯಾರೇಜು ಹಿಡಿಸಲಿಲ್ಲ, ಬೇರೆ ಕಡೆ ಹೋದರು, ಅಷ್ಟೆ. ಹೋದವರಿಗೆ ಫೋನ್ ಮಾಡಿ ಮುಜುಗರ ಮಾಡುವುದು ಅವರಿಗೆ ಕನಸಿನಲ್ಲೂ ಬರುವ ಯೋಚನೆಯಲ್ಲ. ಒಬ್ಬರು ಕರೆಗೆ ಕಾಯುತ್ತ, ಇನ್ನೊಬ್ಬರು ಕರೆಯದಿರುವುದೇ ಸಭ್ಯತೆಯೆಂದುಕೊಂಡು, ಸ್ಟಿಕ್ಕರಿನ ಮೇಲಿನ ತಾರೀಕು ದಾಟಿಹೋಯಿತು.

ಎರಡು ದಿನ ತಡವಾದರೆ ಏನು ಮಹಾ, ದಂಡ ಕಟ್ಟಿದರಾಯಿತು ಎಂದುಕೊಂಡಿದ್ದಳು ಅಮ್ಮ. ಇಲ್ಲಿ ಹಾಗಿಲ್ಲ. ಶಾಕೆನ್ ಮುಗಿದ ಕಾರು ರಸ್ತೆಗೆ ಒಂದು ಅಡಿ ಇಳಿದರೂ ಅಪರಾಧ. ಸಿಕ್ಕಿಬಿದ್ದರೆ ಅಷ್ಟೊಂದು ಪರೀಕ್ಷೆ ಬರೆದು ಪಡೆದ ಲೈಸೆನ್ಸಿಗೇ ಕುತ್ತು. ಗ್ಯಾರೇಜಿಗೆ ಓಡಿಸಿಕೊಂಡು ಹೋಗೋಣವೆಂದರೂ ಹೋಗುವಂತಿಲ್ಲ. ಹೆಸರುಬೇಳೆ ಈರುಳ್ಳಿ ಹೊಲದ ಪಕ್ಕದಲ್ಲಿ ಕಟ್ಟಿಹಾಕಿದ ಹಸುವಿನ ಹಾಗೆ ನಿಂತಿತು. ಅಪ್ಪ ರೇಗಲಿಲ್ಲ, ಕೂಗಲಿಲ್ಲ. ಅದೇ ಹೆಚ್ಚು ಮೈಯುರಿಸಿದ್ದು. ಮೊಸರನ್ನ ಕಲೆಸುತ್ತ ಶಾಂತವಾಗಿ ಹೇಳಿದ.

“ಒಳ್ಳೇದೇ ಆಯ್ತು. ಭಾನುವಾರ ಗುಜರಿಯವನು ಬರ್ತಾನೆ. ಫೋನ್ ಮಾಡಿದೀನಿ.”

“ನನ್ನನ್ನ ಕೇಳ್ದೇನಾ?”

“ಮುಂದಿನ ವರ್ಷ ಹೇಗೂ…”

ಅಮ್ಮ ತಟ್ಟೆ ಎತ್ತಿಕೊಂಡು ಎದ್ದಳು. ಆಮೇಲೆ ಬಾಲ್ಕನಿಗೆ ಹೋಗಿ ಒಣಗಿದ್ದ ಬಟ್ಟೆಗಳನ್ನು ಕೊಡವತೊಡಗಿದಳು.

ಮಾರನೆಯ ದಿನ ಸ್ಕೂಲಿನಿಂದ ಬಂದವಳೇ ಅಮ್ಮನಿಗೆ ಹೇಳಿದೆ, ನಡಿ ನಕಾಯಾಮಾ-ಸಾನ್ ಹತ್ತಿರ, ಆದರೆ ನೀನು ಅಲ್ಲಿ ಬಾಯಿ ಬಿಡಕೂಡದು. ಅಮ್ಮ ನನ್ನನ್ನು ನೋಡಿದ ನೋಟದಲ್ಲಿ ಹೊಡೆತವೂ ಇತ್ತು, ಆಸೆಯೂ ಇತ್ತು. ಸೈಕಲ್ಲು ತುಳಿದುಕೊಂಡು ಹೋದೆವು. ನನಗೆ ಎರಡು ವರ್ಷದ ಜಪಾನೀಸ್ ಶಾಲೆ ಒಂದನ್ನು ಕಲಿಸಿತ್ತು: ಇಲ್ಲಿ ಬೇಡ ಎನ್ನುವುದು, ಕಡಿಮೆ ಮಾಡಿ ಎನ್ನುವುದು, ಎರಡೂ ಬಾಗಿಲು ಮುಚ್ಚುವ ಮಾತು. “ನಿಮ್ಮ ಸಲಹೆ ಬೇಕಿತ್ತು” ಎಂದರೆ ಬಾಗಿಲು ತೆಗೆಯುತ್ತದೆ. ಈಗಲೂ ನನ್ನ ಹತ್ತಿರ ಕಾರು ಕೊಳ್ಳಲು ಬರುವ ನಮ್ಮವರಿಗೆ ಇದನ್ನೇ ಬಡಿದುಕೊಂಡು ಹೇಳುತ್ತೇನೆ. ಬೆಲೆ ಇಳಿಸಿ ಅನ್ನಬೇಡಿ. ನಮ್ಮ ಕೈಯಲ್ಲಿರುವುದು ಇಷ್ಟು, ಇಷ್ಟರೊಳಗೆ ಏನು ಮಾಡಬಹುದು, ಸಲಹೆ ಕೊಡಿ ಅನ್ನಿ. ಎದ್ದು ಹೋಗುವ ನಾಟಕ ಮಾಡಬೇಡಿ. ಎದ್ದರೆ ಟಾಟಾ ಮಾಡಿ ಕಳಿಸುತ್ತಾರೆ. ಕೂತಿರಿ. ಅಷ್ಟು ಹೇಳಿದರೂ ಎದ್ದು ಬಂದು, ಫೋನೇ ಮಾಡಲಿಲ್ಲವಲ್ಲ ಅವನು ಎಂದು ನನಗೆ ದೂರು ಕೊಡುತ್ತಾರೆ.

ನಕಾಯಾಮಾ-ಸಾನ್ ನಮ್ಮನ್ನು ಕಂಡು ಮೊದಲು ಬಗ್ಗಿದರು. ನಮ್ಮ ಅಂದಾಜು ನಿಮಗೆ ತೃಪ್ತಿಯಾಗಲಿಲ್ಲವೆಂದು ಬೇಸರವಾಗಿತ್ತು ಎಂದರು. ನಾನು ಸಲಹೆಯ ಮಾತು ಎತ್ತಿದೆ. ಕೂಡಲೇ ಅವರು ಕೂತರು, ಕನ್ನಡಕ ಏರಿಸಿದರು, ಹಳೆಯ ಪಟ್ಟಿ ತೆಗೆದು ಪೆನ್ನು ಹಿಡಿದು, ಅಂಗಡಿಯವರು ಯಾವತ್ತೂ ಮೊದಲು ಕೇಳಬೇಕಾದ ಪ್ರಶ್ನೆಯನ್ನು ಕೇಳಿದರು. ನಾನು ಅಮ್ಮನ ಕಡೆ ತಿರುಗಿದೆ.

“ಏನಂತೆ?” ಅಂದಳು ಅಮ್ಮ ತುಟಿ ಬಿಗಿದುಕೊಂಡೇ.

“ಇನ್ನೆಷ್ಟು ವರ್ಷ ಓಡಿಸ್ತೀರಾ ಅಂತ. ಒಂದೇ ವರ್ಷ ಆದ್ರೆ ಹೆಚ್ಚೇನೂ ಮಾಡ್ಸೋದ್ ಬೇಡ್ವಂತೆ, ಪಾಸಾಗೋಷ್ಟು ಮಾಡಿದ್ರೆ ಸಾಕಂತೆ. ಜಾಸ್ತಿ ಆದ್ರೆ ಬೇರೆ ಥರ ಯೋಚ್ನೆ ಮಾಡ್ಬೇಕಂತೆ.”

ನಾನು ಮನಸ್ಸಿನಲ್ಲೇ ಉತ್ತರ ಜೋಡಿಸಿಟ್ಟುಕೊಂಡಿದ್ದೆ. ಒಂದು ವರ್ಷ ಅನ್ನುವುದು ನಮ್ಮ ಮನೆಯ ಅಧಿಕೃತ ಉತ್ತರ, ಅಗ್ಗದ ಉತ್ತರವೂ ಅದೇ. ಬುದ್ಧಿ ಇರುವ ಯಾರಾದರೂ ಅದನ್ನೇ ಹೇಳುತ್ತಿದ್ದರು. ಅಮ್ಮನಂಥ ಚೌಕಾಸಿಗಾರ್ತಿಯಂತೂ ಹೇಳಲೇಬೇಕು. ಅಮ್ಮ ಶೆಡ್ಡಿನೊಳಗೆ ಎತ್ತಿ ನಿಲ್ಲಿಸಿದ್ದ ಇನ್ಯಾರದೋ ಕಾರಿನ ಹೊಟ್ಟೆಯನ್ನು ನೋಡುತ್ತ ಕೂತಳು.

“ಪುಟ್ಟಿ ಈಗ ಒಂದನೇ ಕ್ಲಾಸು. ಪ್ರೈಮರಿ ಮುಗಿಸೋ ತನಕ ಅಂತ ಹೇಳು.”

“ಅಮ್ಮಾ, ಇಲ್ಲಿ ಅದು ಆರು ವರ್ಷ!”

“ನಂಗೆ ಲೆಕ್ಕ ಬರುತ್ತೆ. ಹೇಳು.”

ಹೇಳಿದೆ. ನಕಾಯಾಮಾ-ಸಾನ್ ಹಲ್ಲಿನ ಸಂದಿಯಿಂದ ಎಳೆದುಕೊಂಡ ಗಾಳಿಗೆ ಗೋಡೆಯ ಕ್ಯಾಲೆಂಡರೇ ಅಲ್ಲಾಡಿತೆನಿಸಿತು. ಆಮೇಲೆ ಅವರು ನಕ್ಕರು. ಆರು ವರ್ಷಕ್ಕೆ ಮಾತು ಕೊಡಲಾರೆ, ಈ ಎರಡು ವರ್ಷ ಮತ್ತು ಮುಂದಿನ ಎರಡು ವರ್ಷದ ಮೇಲೆ ಕಣ್ಣಿಟ್ಟು ಮಾಡೋಣ ಎಂದರು. ಪಟ್ಟಿಯಲ್ಲಿ ಕೆಲವನ್ನು ಹೊಡೆದು ಹಾಕಿದರು, ಪಟ್ಟಿಯಲ್ಲಿಲ್ಲದ ಒಂದೆರಡನ್ನು ಸೇರಿಸಿದರು. ಹೊಸ ಟೈರಿನ ಬದಲು ಗುಜರಿಗೆ ಬಂದ ಇದೇ ಅಳತೆಯ ಒಳ್ಳೆಯ ಟೈರು. ಮಂಜುಗಟ್ಟಿದ ಮುಂದಿನ ದೀಪದ ಗಾಜು ಬದಲಾಯಿಸುವುದು ಬೇಡ, ಮರಳು ಕಾಗದ ಕೊಡುತ್ತೇನೆ, ನೀವೇ ಉಜ್ಜಿ ತನ್ನಿ. ಕ್ಯಾಮೆರಾದ ತಂತಿ ಯಾರು ಹಾಕಿದ್ದು, ಬೆಂಕಿ ಹತ್ತುತ್ತದೆ, ಅದನ್ನು ಹಾಗೇ ಸರಿಮಾಡಿಕೊಡುತ್ತೇನೆ. ಕಾರನ್ನು ತರುವುದಕ್ಕೆ ಸಿಟಿ ಆಫೀಸಿನಿಂದ ಕೆಂಪು ಓರೆಗೆರೆಯ ತಾತ್ಕಾಲಿಕ ಪ್ಲೇಟು ಪಡೆಯಬಹುದೆಂದೂ ಅದನ್ನು ತಾವೇ ಮಾಡಿಸುವುದಾಗಿಯೂ ಹೇಳಿದರು. ಒಟ್ಟು ಅರ್ಧಕ್ಕೇನೂ ಇಳಿಯಲಿಲ್ಲ. ಹೊರಡುವಾಗ ಅಮ್ಮ, ತಡೆಯಲಾಗದೆ, ನನ್ನ ಕಿವಿಯಲ್ಲಿ ಒಂದು ವೈಪರ್ ರಬ್ಬರ್ ಫ್ರೀ ಕೇಳೇ ಅಂದಳು. ಕೇಳಿದೆ. ಜೋಡಿಯೇ ಕೊಟ್ಟರು.

ಅಪ್ಪನಿಗೆ ಹೇಳುವ ಕೆಲಸ ನನ್ನ ತಲೆಗೇ ಬಂತು. ಟೈರು, ತಂತಿ, ದೀಪ ಎಲ್ಲ ಹೇಳಿದೆ. ಕೊನೆಗೆ ನಕಾಯಾಮಾ-ಸಾನ್ ಕೇಳಿದ ಪ್ರಶ್ನೆಯನ್ನೂ ಅಮ್ಮ ಕೊಟ್ಟ ಉತ್ತರವನ್ನೂ ಹೇಳಿದೆ. ಅವನು ಬಹಳ ಹೊತ್ತು ಆ ಗಿಡ್ಡ ಪರದೆಯ ಕೆಳಗಿನ ಸಂದಿಯಲ್ಲಿ ಏನೋ ಇದೆಯೆಂಬಂತೆ ಅತ್ತ ನೋಡುತ್ತಿದ್ದ. ಅಮ್ಮ ಅಡುಗೆಮನೆಯಲ್ಲಿ ಬೇಕೆಂದೇ ಪಾತ್ರೆ ಸದ್ದು ಮಾಡುತ್ತ ಕಿವಿಯನ್ನು ಇತ್ತ ಬಿಟ್ಟಿದ್ದಳು. ಭಾನುವಾರ ಬೆಳಿಗ್ಗೆ ಗುಜರಿಯವನ ಲಾರಿ ಜಲ್ಲಿಯ ಮೇಲೆ ಬಂದು ನಿಂತಿತು. ನಾನೂ ಅಮ್ಮನೂ ಮರಳು ಕಾಗದ ಹಿಡಿದು ದೀಪ ಉಜ್ಜುತ್ತಿದ್ದವರು ಎದ್ದು ಕಾರಿಗೆ ಅಡ್ಡ ನಿಂತೆವು. ಅಷ್ಟರಲ್ಲಿ ಅಪ್ಪ ಪೈಜಾಮದಲ್ಲೇ ಮೆಟ್ಟಿಲಿಳಿದು ಓಡಿ ಬಂದು, ನಮ್ಮ ಕಡೆ ನೋಡದೆ, ಲಾರಿಯವನ ಮುಂದೆ ಸುಮಿಮಾಸೆನ್ ಸುಮಿಮಾಸೆನ್ ಎಂದು ಬಗ್ಗತೊಡಗಿದ. ಅಷ್ಟು ಚೆನ್ನಾಗಿ ಬಗ್ಗುವುದನ್ನು ಅವನು ಎಲ್ಲಿ ಕಲಿತನೋ. ಲಾರಿಯವನೂ ಬಗ್ಗಿದ. ಲಾರಿ ತಿರುವಿನಲ್ಲಿ ಕಣ್ಮರೆಯಾಗುವ ತನಕ ಅಪ್ಪ ಏಳಲಿಲ್ಲ. ಎದ್ದವನು ನೇರ ಕಾಫಿ ಕುಡಿಯಲು ಮೇಲೆ ಹೋದ. ಫೋನಿನಲ್ಲೇ ಬೇಡವೆನ್ನಬಹುದಿತ್ತಲ್ಲ, ಪುಣ್ಯಾತ್ಮ!

ಮುಂದಿನ ವಾರ ಹೆಸರುಬೇಳೆ ಪಾಸಾಗಿ ಬಂತು. ಮುಂದಿನ ಗಾಜಿಗೆ ಹೊಸ ಸ್ಟಿಕ್ಕರು. ಅಮ್ಮ ಅದಕ್ಕೆ ಕುಂಕುಮವಿಡಲು ಹೋದಾಗ ನಾನು ಕೈ ಹಿಡಿದೆ. ಗಾಜಿನ ಮೇಲೆ ಆ ಸ್ಟಿಕ್ಕರು ಬಿಟ್ಟು ಬೇರೇನೂ ಇರಕೂಡದು. ಬಾನೆಟ್ಟಿಗೆ ಇಟ್ಟಳು. ಆ ಶನಿವಾರವೇ ವಾಕೋಗೆ ಒಂದು ವಾಷಿಂಗ್ ಮಷೀನಿನ ಸ್ಟ್ಯಾಂಡು ಸಾಗಿಸುವುದಿತ್ತು. ನಾವು ಅದನ್ನು ತುಂಬುತ್ತಿರುವಾಗ ಅಪ್ಪ ಸ್ಟೇಷನ್ ಕಡೆಯಿಂದ ನಡೆದು ಬಂದ. ಕಂಕುಳಲ್ಲಿ ಅಂಗಡಿಯ ಕಾಗದ ಸುತ್ತಿದ ಉದ್ದನೆಯ ಸುರುಳಿ.

“ಏನ್ರೀ ಅದು?”

“ಮ್ಯಾಟು. ಕಾರಿಗೆ.”

“ಯಾರ ಮನೇದು? ಯಾರು ಹೊರಟ್ರು?”

“ಯಾರೂ ಹೊರಟಿಲ್ಲ. ಅಂಗಡೀದು. ಹೊಸದು.”

ಅಮ್ಮ ಸ್ಟ್ಯಾಂಡನ್ನು ಕೆಳಗಿಟ್ಟಳು. ನಾನು ಕಾಗದ ಬಿಚ್ಚಿದೆ. ಇದೇ ಕಾರಿನ ಅಳತೆಗೆ ಕತ್ತರಿಸಿದ, ಅಂಚು ಹೊಲಿದ, ಯಾರ ಕಾಲೂ ಮುಟ್ಟದ ಕಪ್ಪು ಮ್ಯಾಟುಗಳು. ಜಪಾನಿಗೆ ಬಂದ ಮೇಲೆ ನಮ್ಮ ಮನೆಗೆಂದು ಅಪ್ಪ ಕೊಂಡ ಮೊದಲ ಹೊಸ ಸಾಮಾನು.

“ಎಷ್ಟು ಬಿಟ್ಟ?” ಅಂದಳು ಅಮ್ಮ.

“ಬಿಡೋದೇನು?”

“ಕೇಳ್ಲೇ ಇಲ್ವಾ? ಬರೆದಿರೋ ರೇಟೇ ಕೊಟ್ಟು ಬಂದ್ರಾ? ಒಂದು ಸೀಟ್ ಕುಶನ್ನು, ಒಂದು ಒರೆಸೋ ಬಟ್ಟೆ, ಏನೂ ಕೇಳ್ಲಿಲ್ವಾ? ಅಯ್ಯೋ ದೇವ್ರೇ, ನನ್ನನ್ನ ಕರ್ಕೊಂಡ್ ಹೋಗೋಕೇನಾಗಿತ್ತು ನಿಮಗೆ!”

ಮ್ಯಾಟನ್ನು ಹಾಸುತ್ತ ಬೈದಳು, ಮೂಲೆ ಮೂಲೆಗೂ ಒತ್ತುತ್ತ ಬೈದಳು, ಅಂಗೈಯಿಂದ ಸವರಿ ನಯ ನೋಡುತ್ತ ಬೈದಳು. ಪರದೆಗಳು ನಾವು ಆ ಮನೆ ಬಿಡುವ ತನಕವೂ ಗಿಡ್ಡವಾಗಿಯೇ ಉಳಿದವು. ಅದಕ್ಕೂ ಅವಳು ಬೈಯುತ್ತಲೇ ಇದ್ದಳು. ಹೆಸರುಬೇಳೆ ಪುಟ್ಟಿ ಪ್ರೈಮರಿ ಮುಗಿಸುವ ತನಕ ಬಾಳಲಿಲ್ಲ, ಆದರೆ ನಾವು ಅಲ್ಲೇ ಇದ್ದೆವು. ಅವತ್ತು ಮಾತ್ರ ಅಪ್ಪ ಬೈಗುಳವನ್ನೆಲ್ಲ ಕೇಳಿಸಿಕೊಂಡು, ತಾನೂ ವಾಕೋಗೆ ಬರುತ್ತೇನೆಂದು ಮುಂದಿನ ಬಾಗಿಲು ತೆಗೆದು ಒಂದು ಕಾಲು ಒಳಗಿಟ್ಟ.

“ನಿಲ್ಲಿ! ಬೂಟು ಬಿಚ್ಚಿ.”

“ಕಾರು ಕಣೇ ಇದು.”

“ಮನೆಗೆ ಬೂಟು ಹಾಕ್ಕೊಂಡ್ ಬರ್ತೀರಾ?”

ಹಿಂದಿನ ಸೀಟಿನಲ್ಲಿ ಸ್ಟ್ಯಾಂಡಿಗೂ ನನಗೂ ನಡುವೆ ಪುಟ್ಟಿ ಆಗಲೇ ಬರಿಗಾಲಲ್ಲಿ ಕೂತು ಅವಲಕ್ಕಿಯ ಡಬ್ಬ ತೆಗೆದಿದ್ದಳು. ಅಪ್ಪ ಜಲ್ಲಿಯ ಮೇಲೆ ಒಂಟಿಕಾಲಲ್ಲಿ ಕುಪ್ಪಳಿಸುತ್ತ ಒಂದು ಬೂಟು ಬಿಚ್ಚಿದ, ಇನ್ನೊಂದು ಬಿಚ್ಚಿದ, ಕಾಲುಚೀಲದಲ್ಲಿ ಹೊಸ ಮ್ಯಾಟಿನ ಮೇಲೆ ಕಾಲಿಟ್ಟು ಕೂತ. ಬೂಟುಗಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಸುತ್ತ ನೋಡಿದ.

“ಇದನ್ನ ಎಲ್ಲಿಡ್ಲಿ?”

“ತೊಡೆ ಮೇಲೆ ಇಟ್ಕೊಳ್ಳಿ,” ಅಂದು ಅಮ್ಮ ಗಾಡಿ ಹಿಂದಕ್ಕೆ ತೆಗೆದಳು.